ಕರೆಯುವ ಹೆಸರು

"ಪಾಸ್‌ವರ್ಡ್ ಗೊತ್ತಿಲ್ದಿದ್ರೂ ಒಂದು ದಾರಿ ಐತೆ ಕಣಮ್ಮ," ಎಂದ ಲೋಹಿತ್. "ನಿಮ್ ಮಗಳೇ ಬರೆದಿಟ್ಟಿರೋ ಪ್ರಶ್ನೆ ಒಂದು ಕೇಳ್ತದೆ. ಸರಿಯಾದ ಉತ್ತರ ಹೊಡೆದ್ರೆ ಓಪನ್ ಆಯ್ತದೆ."

ಸಕಲೇಶಪುರದ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರ್ ಅವನದು. ವಿಶಾಲಮ್ಮ ಬಾಳ್ಳುಪೇಟೆಯಿಂದ ಬಂದಿದ್ದಳು. ಮಗಳು ಧನುಶ್ರೀ ಜ್ವರದಲ್ಲಿ ತೀರಿಕೊಂಡಿದ್ದಳು, ನಾಳೆ ತಿಥಿ. ಹಾರ ಹಾಕೋಣವೆಂದರೆ ಮನೆಯಲ್ಲಿ ನೆಟ್ಟಗಿನ ಒಂದು ಫೋಟೋ ಇಲ್ಲ. ಇದ್ದದ್ದು ಹಾಲ್ ಟಿಕೆಟ್ಟಿನದು, ಅದರಲ್ಲಿ ಅರ್ಧ ಮುಖವನ್ನು ಸೀಲೇ ನುಂಗಿತ್ತು. ಕಾಲೇಜಿನ ಪ್ರವಾಸದಲ್ಲಿ ತೆಗೆದ ಫೋಟೋ ಅವಳ ಇ-ಮೇಲ್‌ನಲ್ಲಿದೆ ಎಂದು ಗೆಳತಿ ಹೇಳಿದ್ದಳು.

ಲೋಹಿತ್ ಪರದೆಯ ಮೇಲೆ ಬಂದ ಪ್ರಶ್ನೆಯನ್ನು ಓದಿದ. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. "ಅವ್ವ ನನ್ನನ್ನ ಏನಂತ ಕರೀತಾಳೆ?"

ವಿಶಾಲಮ್ಮನ ಮುಖ ಅರಳಿತು. ಹೆತ್ತವಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಲೋಕದಲ್ಲುಂಟೇ!

"ಧನು ಅಂತ ಹಾಕಪ್ಪ."

ತಪ್ಪು.

"ಪುಟ್ಟಿ."

ತಪ್ಪು.

"ಹಂಗಾದ್ರೆ... ಚಿನ್ನ." ಹಾಗೆ ಕರೆದ ನೆನಪು ಅವಳಿಗೇ ಇರಲಿಲ್ಲ. ಅದೂ ತಪ್ಪು.

"ಇನ್ನೊಂದೇ ಸಲ ಕಣಮ್ಮ, ಆಮೇಲೆ ಲಾಕ್ ಆಗ್ಬುಡ್ತದೆ. ದಿನಾ ಬಾಯಿಗೆ ಬರ್ತಿದ್ದ ಹೆಸ್ರು ಯಾವ್ದು, ಯೋಚ್ನೆ ಮಾಡಿ."

ಯೋಚಿಸುವುದೇನು ಬಂತು? ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ, ಕೊಡ ಒಡೆದರೂ ಬಾಯಿಗೆ ಬರುತ್ತಿದ್ದದ್ದು ಒಂದೇ ಹೆಸರು. ಸಿಟ್ಟೂ ಅಲ್ಲ, ಬಾಯಿಚಾಳಿ. ಹುಡುಗಿಯೂ ಅದಕ್ಕೇ 'ಬಂದೆ ಕಣವ್ವ' ಎಂದು ಓಗೊಡುತ್ತಿದ್ದಳು. ಬೈದು ಹೇಳುವವರು ಬದುಕಲು ಹೇಳುತ್ತಾರಂತೆ. ಬೈದವಳು ಬದುಕಿ ಇಲ್ಲಿ ಕೂತಿದ್ದಳು.

ವಿಶಾಲಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಶನಿ," ಎಂದಳು.

"ಏನಂದ್ರಿ?"

"ಶನಿ ಅಂತ ಹಾಕಪ್ಪ."

ಲೋಹಿತ್ ಅವಳ ಮುಖ ನೋಡದೆ ಆ ಹೆಸರನ್ನು ಒತ್ತಿದ. ಮೇಲ್ ತೆರೆದುಕೊಂಡಿತು.

"ಬಂತು ಕಣಮ್ಮ! ಇಲ್ಲೇ ಐತೆ ಫೋಟೋ. ಎಷ್ಟು ಚೆನ್ನಾಗಿ ನಗ್ತಾ ನಿಂತವ್ಳೆ ನೋಡಿ."

ವಿಶಾಲಮ್ಮ ಅತ್ತ ತಿರುಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದಳು.

"ಅಷ್ಟು ಸಲ ತಪ್ಪು ಅಂದ್ಬುಡ್ತಲ್ಲ ಅದು," ಎಂದಳು ಕೊನೆಗೆ. "ಇದೊಂದಕ್ಕೂ ತಪ್ಪು ಅನ್ಬಾರ್ದಾಗಿತ್ತಾ, ಮಗಾ?"