ಎರಡು ಶಾಮಿಯಾನಗಳ ನಡುವೆ

ಎರಡು ಶಾಮಿಯಾನಗಳ ನಡುವೆ ಟೇಪು ಹಿಡಿದು ನೋಡಿದ ನಗರಸಭೆಯ ಇನ್ಸ್‌ಪೆಕ್ಟರು, "ಸರಿಯಾಗಿ ಆರಡಿ ಬಿಟ್ಟಿದ್ದೀರಿ. ಪರವಾನಗಿ ಎಲ್ಲಿ ಅಂತ ಕೇಳೋ ಹಾಗೇ ಇಲ್ಲ. ಪಕ್ಕಾ ಕಸುಬುದಾರರು ಕಣ್ರೀ ನೀವು!" ಎಂದು ನಗುತ್ತ ಬೈಕು ಹತ್ತಿದರು. ಶಾಮಿಯಾನದ ಯಜಮಾನ ಬೀಗಿದ. ದೊಡ್ಡದೊಂದನ್ನು ಹಾಕಲು ನಕ್ಷೆ, ಅಗ್ನಿಶಾಮಕದವರ ಪತ್ರ, ಮೂರು ವಾರಗಳ ಅಲೆದಾಟ. ನಡುವೆ ಆರಡಿ ಬಿಟ್ಟು ಚಿಕ್ಕವು ಎರಡು ಹಾಕಿದರೆ ಪರವಾನಗಿಯ ತಾಪತ್ರಯವೇ ಇಲ್ಲ. ಇಪ್ಪತ್ತು ವರ್ಷಗಳಿಂದ ಅವನು ಕಚೇರಿಯ ಮೆಟ್ಟಿಲು ಹತ್ತುವುದನ್ನು ತಪ್ಪಿಸಿಕೊಂಡದ್ದು ಹೀಗೆಯೇ.

ಆದರೆ ಈ ಸಲ ಶಾಮಿಯಾನ ಹಾಕಿಸಿ ಎಂದವರು ಅವನ ಅತ್ತೆ. "ನಂಗೆ ಎಂಬತ್ತು ತುಂಬೋ ದಿನ ಒಂದೇ ಆಸೆ, ಅಳಿಯಂದಿರೇ. ಮಾತು ಬಿಟ್ಟಿರೋ ನನ್ನ ಗಂಡುಮಕ್ಕಳಿಬ್ಬರೂ ಒಂದೇ ನೆರಳಲ್ಲಿ ಕೂತು ಉಣ್ಬೇಕು," ಎಂದು ಅವರು ತಿಂಗಳ ಮೊದಲೇ ಹೇಳಿದ್ದರು. "ಆಯ್ತು ಬಿಡಿ ಅತ್ತೆ," ಎಂದಿದ್ದ ಯಜಮಾನ ಆ ಮಾತನ್ನು ಮತ್ತೆ ನೆನೆದಿರಲಿಲ್ಲ.

ಹುಟ್ಟುಹಬ್ಬದ ಊಟಕ್ಕೆ ಹಿರಿಯ ಮಗ ಸಂಸಾರಸಮೇತ ಬಂದು ಎಡಗಡೆಯದರಲ್ಲಿ ಕುಳಿತಿದ್ದ. ಆಮೇಲೆ ಬಂದ ಕಿರಿಯವನು ಅಣ್ಣನನ್ನು ಕಂಡದ್ದೇ ಹೆಂಡತಿ ಮಕ್ಕಳನ್ನು ಬಲಗಡೆಗೆ ತಿರುಗಿಸಿದ. "ಒಬ್ಬೊಬ್ಬರಿಗೆ ಒಂದೊಂದು ಹಾಕ್ಸಿದೀರಾ ಭಾವ? ಒಳ್ಳೇದಾಯ್ತು, ಯಾರ ಮುಖಾನೂ ಯಾರೂ ನೋಡೋ ಹಾಗಿಲ್ಲ," ಎಂದು ಅವನು ಮನಸಾರೆ ಹೊಗಳಿದಾಗಲೇ ಯಜಮಾನನಿಗೆ ಅತ್ತೆ ಹೇಳಿದ್ದ 'ಒಂದೇ ನೆರಳು' ನೆನಪಾದದ್ದು.

ಎರಡೂ ಕಡೆಯಿಂದ "ಅಮ್ಮಾ, ಇಲ್ಲಿ ಬಾ" ಎಂಬ ಕೂಗೆದ್ದಿತು. ಅತ್ತೆ ಯಾರನ್ನೂ ಬೈಯಲಿಲ್ಲ. ಕುರ್ಚಿಯೊಂದನ್ನು ತಾವೇ ಎಳೆದು ತಂದು, ನಡುವಿನ ಖಾಲಿ ಜಾಗದಲ್ಲಿ ಹಾಕಿಕೊಂಡು ಕುಳಿತರು.

"ಬಿಸಿಲು, ಅತ್ತೆ," ಎಂದ ಯಜಮಾನ, ತಲೆ ತಗ್ಗಿಸಿ.

"ಇರ್ಲಿ ಬಿಡಿ," ಎಂದರು ಅವರು. "ಇಲ್ಲಿಂದ ಇಬ್ರೂ ಕಾಣಿಸ್ತಾರೆ."