ಗೈಡಿನ ಮುಂಗೈ

ಚರ್ಮಕ್ಕೆ ಅಂಟಿಸುವ ಪಟ್ಟಿಗೆಂದು ಗೈಡ್ ತಯಾರಿಸಿದ್ದ ಬೋರಾನಿಕ್ ಆಮ್ಲದ ಜೆಲ್ ರಕ್ತದಲ್ಲಿ ಸಕ್ಕರೆ ಏರಿದರೆ ಊದಿಕೊಂಡು, ಬೇಕಾದಷ್ಟೇ ಇನ್ಸುಲಿನ್ ಬಿಡಬೇಕಿತ್ತು. ಅದು ಅಪಾಯಕಾರಿ ಎಂದು ಪ್ರಬಂಧದಲ್ಲಿ ಬರೆದದ್ದಕ್ಕೆ ಅವರು ತಮ್ಮ ಪಿಎಚ್‌ಡಿ ವಿದ್ಯಾರ್ಥಿನಿಯಾಗಿದ್ದ ಅವಳನ್ನು ಲ್ಯಾಬಿನಿಂದ ಹೊರಹಾಕಿದ್ದರು. ಮೂರು ವರ್ಷ ಹಲ್ಲು ಕಚ್ಚಿಕೊಂಡು ಕಾದ ಮೇಲೆ ಇಂದು ಇಬ್ಬರೂ ವಿಚಾರಣಾ ಸಮಿತಿಯ ಮುಂದಿದ್ದರು.

"ಜೆಲ್‌ನಲ್ಲಿ ಯಾವ ದೋಷವೂ ಇಲ್ಲ. ಇವಳಿಗೆ ಕೆಲಸ ಬರಲ್ಲ, ಅಷ್ಟೇ," ಎಂದರು ಗೈಡ್.

"ನಿಮಗೂ ಶುಗರ್ ಇದೆಯಲ್ಲ ಸಾರ್. ತಗೊಳ್ಳಿ, ನಿಮ್ಮದೇ ಜೆಲ್," ಎನ್ನುತ್ತಾ ಅವಳು ಬ್ಯಾಗಿನಿಂದ ಅಂಥದ್ದೇ ಒಂದು ಅಂಟುಪಟ್ಟಿ ತೆಗೆದು ಅವರ ಮುಂಗೈಗೆ ಅಂಟಿಸಿಬಿಟ್ಟಳು.

ಅವರು ದಡಬಡಿಸಿ ಎದ್ದು ಅದನ್ನು ಕಿತ್ತೆಸೆದರು. "ಸಾಯಿಸ್ತೀಯೇನೇ? ಇನ್ಸುಲಿನ್ ಎಲ್ಲಾ ಒಂದೇ ಸಲ ಒಳಗೆ ಹೋಗ್ಬಿಡುತ್ತೆ!"

"ಹೆದರ್ಬೇಡಿ ಸಾರ್, ಅದರಲ್ಲಿರೋದು ಬರೀ ನೀರು," ಎಂದ ಅವಳು ಸಮಿತಿಯ ಅಧ್ಯಕ್ಷೆಯ ಕಡೆ ತಿರುಗಿದಳು. "ಸಾರ್ ಈಗ ಹೇಳಿದ್ದನ್ನ ಬರ್ಕೊಂಡ್ರಾ ಮೇಡಂ?"