ಬೆಳ್ಳಿಯ ಕಣ್ಣು

ಕಣ್ಣು ಮಬ್ಬಾದಾಗಿನಿಂದ ಗಂಡ ಅವಳ ಕೈ ಬಿಟ್ಟಿರಲಿಲ್ಲ. ಅಜ್ಜಿಯ ಕತೆಯ ರಾಜಕುಮಾರನಂತೆ ಅನ್ನ ಕಲಸಿ ತುತ್ತು ಕೊಟ್ಟ, ದೇವಿಗೆ ಬೆಳ್ಳಿಯ ಕಣ್ಣು ಮಾಡಿಸಿ ಒಪ್ಪಿಸಿದ.

ರಕ್ತ ಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರು ತಡೆದು ತಡೆದು ಹೇಳಿದರು. “ಕಣ್ಣಿನ ನರಕ್ಕೆ ಬಾವು ಬಂದಿರೋದು ಸಿಫಿಲಿಸ್‌ನಿಂದಮ್ಮ. ಜೊತೇಲಿ ಮಲಗೋರಿಂದ ಅಂಟೋ ಕಾಯಿಲೆ.”

“ಕಣ್ಣು ಮತ್ತೆ ಬರುತ್ತಾ?”

“ಹೇಳಕ್ಕಾಗಲ್ಲ, ತಡವಾಗಿದೆ. ಮೊದಲೇ ಗೊತ್ತಾಗಿದ್ರೆ ಒಂದು ಇಂಜೆಕ್ಷನ್‌ಗೆ ಹೋಗ್ತಿತ್ತು.”

ಗಂಡನ ಹಿಡಿತ ಸಡಿಲವಾದದ್ದು ಅವಳಿಗೆ ತಿಳಿಯಿತು. ಅವಳೇ ಅವನ ಕೈ ಸವರಿದಳು. “ಆಗಿದ್ದು ಆಯ್ತು. ಪಾಪ, ಇವರಿಗೂ ಗೊತ್ತಿರಲ್ಲ ಡಾಕ್ಟ್ರೇ.”

“ಸರಿ, ಇಬ್ಬರಿಗೂ ಇವತ್ತೇ ಇಂಜೆಕ್ಷನ್ ಕೊಡೋಣ.”

“ನನಗೆ ಬೇಡ,” ಗಂಡ ಮೆಲ್ಲಗೆ ಅಂದ. “ನಂದು ಹೋದ ವರ್ಷಾನೇ ಆಗಿದೆ.”